ಹೆದ್ದಾರಿಯ ಠಕ್ಕರೂ ದಾರಿಹೋಕನ ವಿವೇಕವೂ

ಪಂಚತಂತ್ರದಲ್ಲಿ ಆಡು ಹೊತ್ತ ಬ್ರಾಹ್ಮಣನ ಕಥೆಯೊಂದುಂಟು. ಯಾಗಕ್ಕೆಂದು ಪಡೆದ ಆಡನ್ನು ಹೆಗಲ ಮೇಲೆ ಹೊತ್ತು ಅವನು ತನ್ನೂರಿಗೆ ಮರಳುತ್ತಿದ್ದಾಗ ಹಸಿದ ಮೂವರು ಠಕ್ಕರ ಕಣ್ಣಿಗೆ ಬೀಳುತ್ತಾನೆ. ಹೊಡೆದು ಕಿತ್ತುಕೊಳ್ಳುವ ಗೋಜಿಗೆ ಅವರು ಹೋಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು, ಪರಸ್ಪರ ಪರಿಚಯವೇ ಇಲ್ಲದವರಂತೆ ದಾರಿಯಲ್ಲಿ ಎದುರಾಗಿ, ಅವನ ಹೆಗಲ ಮೇಲಿರುವುದು ಆಡಲ್ಲವೆಂದು ಬಹಳ ಮರ್ಯಾದೆಯಿಂದ ತಿಳಿಸುತ್ತಾರೆ. ಮೊದಲನೆಯವನ ಮಾತಿಗೆ ಬ್ರಾಹ್ಮಣನಿಗೆ ಕೋಪ ಬರುತ್ತದೆ. ಎರಡನೆಯವನ ಮಾತಿಗೆ ಸಂಶಯ. ಮೂರನೆಯವನ ಮಾತಿಗೆ ಭಯ. ಆಡನ್ನು ಅಲ್ಲಿಯೇ ಎಸೆದು ಅವನು ಮನೆಯ ಕಡೆಗೆ ಓಡುತ್ತಾನೆ.

ತರಗತಿಯಲ್ಲಿ ಈ ಕಥೆ ಬಂದಾಗಲೆಲ್ಲ ವಿದ್ಯಾರ್ಥಿಗಳು ಬ್ರಾಹ್ಮಣನ ದಡ್ಡತನಕ್ಕೆ ನಗುವುದುಂಟು. ನನಗೆ ಮಾತ್ರ ಅವನು ದಡ್ಡನೆಂದು ಎಂದೂ ತೋರಿಲ್ಲ. ಅವನಲ್ಲಿ ದುರಾಸೆಯೂ ಇರಲಿಲ್ಲ. ಒಂಟಿ ಹಾದಿಯಲ್ಲಿ, ತನ್ನವರೆಂಬುವರು ಯಾರೂ ಬಳಿಯಿಲ್ಲದ ಹೊತ್ತಿನಲ್ಲಿ, ತನ್ನ ಕಣ್ಣಿಗಿಂತ ಪರರ ಮಾತಿಗೆ ಹೆಚ್ಚು ಬೆಲೆ ಕೊಟ್ಟ, ಅಷ್ಟೆ. ಪರದೇಶದಲ್ಲಿ ಕಾರಿನ ಚಕ್ರ ಹಿಡಿದು ಕುಳಿತ ನಮ್ಮವರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಯೂರೋಪಿನ ಹೆದ್ದಾರಿಗಳಲ್ಲಿ ನಡೆಯುವ ಚಿಕ್ಕಪುಟ್ಟ ವಂಚನೆಗಳನ್ನು ಕುರಿತು ಬರೆಯಹೊರಟಾಗ ಈ ಕಥೆ ನೆನಪಾದದ್ದು ಅದರಿಂದಲೇ.

ಹಿಂದೆ ನಮ್ಮವರು ಯೂರೋಪಿಗೆ ಹೋದರೆ ರೈಲಿನಲ್ಲಿ ತಿರುಗುತ್ತಿದ್ದರು; ಇಲ್ಲವೆ ಮಾರ್ಗದರ್ಶಕನ ಬಾವುಟದ ಹಿಂದೆ ಗುಂಪಾಗಿ ನಡೆಯುತ್ತಿದ್ದರು. ಈಗ ಬಾಡಿಗೆಗೆ ಕಾರು ಪಡೆದು ಸ್ವತಂತ್ರವಾಗಿ ಸಂಚರಿಸುವವರ ಸಂಖ್ಯೆ ದೊಡ್ಡದು. ನಮ್ಮ ದೇಶದ ಚಾಲನಾ ಪರವಾನಗಿಯೊಡನೆ, ೧೯೪೯ರ ಜಿನೀವಾ ಒಪ್ಪಂದದ ಆಧಾರದ ಮೇಲೆ ಒಂದು ವರ್ಷದ ಅವಧಿಗೆ ಕೊಡಲಾಗುವ ಅಂತರರಾಷ್ಟ್ರೀಯ ಪರವಾನಗಿಯನ್ನೂ ಇಲ್ಲಿಂದಲೇ ಮಾಡಿಸಿಕೊಂಡು ಹೋಗಬಹುದು. ಅನುಕೂಲವೇನೋ ಹೌದು. ಆದರೆ ಗುಂಪಿನಲ್ಲಿದ್ದ ರಕ್ಷಣೆ ಕಾರಿನಲ್ಲಿಲ್ಲ. ರಸ್ತೆಯ ಎಡಗಡೆಯಲ್ಲಿ ಓಡಿಸಿ ಪಳಗಿದ ಕೈ ಅಲ್ಲಿ ಬಲಗಡೆಗೆ ಹೊಂದಿಕೊಳ್ಳಬೇಕು. ಫಲಕಗಳ ಭಾಷೆ ತಿಳಿಯದು. ಹಿಂದಿನ ಆಸನದಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಪಾಸ್‌ಪೋರ್ಟುಗಳೂ ಪೆಟ್ಟಿಗೆಗಳೂ. ಚಾಲಕನ ಗಮನವೆಲ್ಲ ದಾರಿಯಲ್ಲಿಯೇ ವ್ಯಯವಾಗಿರುವ ಇಂಥ ಹೊತ್ತನ್ನೇ ಠಕ್ಕನು ಕಾಯುತ್ತಿರುತ್ತಾನೆ. ಬಾಡಿಗೆಯ ಕಾರನ್ನೂ ಪರದೇಶದ ನೋಂದಣಿ ಫಲಕವನ್ನೂ ದೂರದಿಂದಲೇ ಗುರುತಿಸಬಲ್ಲ ಕಣ್ಣು ಅವನದು.

ಮೊದಲು ಚಕ್ರದ ಮೋಸವನ್ನು ನೋಡೋಣ. ಫ್ರಾನ್ಸಿನ ಗಡಿಯಿಂದ ಬಾರ್ಸಿಲೋನದ ಕಡೆಗೆ ಇಳಿಯುವ ಎ.ಪಿ.-೭ ಎಂಬ ಹೆದ್ದಾರಿ ಇದಕ್ಕೆ ಬಹುಕಾಲದಿಂದ ಕುಪ್ರಸಿದ್ಧವಾದದ್ದು. ಪ್ರಯಾಣಿಕರು ವಿಶ್ರಾಂತಿ ತಾಣದಲ್ಲಿ ಕಾಫಿಗೆಂದು ನಿಂತಾಗ ಚೂಪಾದ ಮೊಳೆಯಿಂದಲೋ ಚಾಕುವಿನಿಂದಲೋ ಟೈರಿಗೆ ಸಣ್ಣ ಗಾಯ ಮಾಡಿರುತ್ತಾರೆ. ಕೆಲವು ಮೈಲಿ ಹೋಗುವಷ್ಟರಲ್ಲಿ ಗಾಳಿ ಇಳಿಯುತ್ತದೆ. ಆಗ ಹಿಂದಿನಿಂದ ಬಂದ ಕಾರೊಂದು ದೀಪ ಮಿನುಗಿಸುತ್ತದೆ. ಅದರಲ್ಲಿರುವವನು ನಿಮ್ಮ ಚಕ್ರದ ಕಡೆಗೆ ಬೆರಳು ತೋರುತ್ತಾನೆ. ನೀವು ನಿಲ್ಲಿಸುತ್ತೀರಿ. ಅವನೂ ನಿಲ್ಲಿಸುತ್ತಾನೆ, ಮೊಣಕಾಲೂರಿ ಕುಳಿತು ಚಕ್ರ ಬಿಚ್ಚಲು ನೆರವಾಗುತ್ತಾನೆ. ಕಾರಿನಲ್ಲಿದ್ದವರೆಲ್ಲ ಕೆಳಗಿಳಿದು ಆ ಚಕ್ರವನ್ನೇ ನೋಡುತ್ತಿರುವಾಗ ಅವನ ಜೊತೆಗಾರನು ಇನ್ನೊಂದು ಬದಿಯ ಬಾಗಿಲು ತೆರೆದು ಕೈಚೀಲವನ್ನು ಎತ್ತಿಕೊಂಡಿರುತ್ತಾನೆ. ಕೆಲವೊಮ್ಮೆ ಟೈರಿಗೆ ಏನೂ ಆಗಿರುವುದಿಲ್ಲ. ಬರಿಯ ಬೆರಳ ಸನ್ನೆಯೇ ಸಾಕಾಗುತ್ತದೆ. ಬ್ರಿಟಿಷ್ ಸರ್ಕಾರವು ತನ್ನ ಪ್ರಜೆಗಳಿಗೆ ಕೊಡುವ ಪ್ರವಾಸ ಸಲಹೆಯಲ್ಲಿ ಸ್ಪೇನಿನ ಈ ಹೆದ್ದಾರಿ ಕಳ್ಳರ ವಿಷಯವಾಗಿಯೇ ಎಚ್ಚರಿಸಿದೆ.

ಇಟಲಿಯಲ್ಲಿ ಇದೇ ವಿದ್ಯೆ ಕನ್ನಡಿಯ ರೂಪ ತಾಳಿದೆ. ಅಲ್ಲಿಯ ಜನರು ಅದನ್ನು 'ತ್ರುಫ಼ಾ ದೆಲ್ಲೊ ಸ್ಪೆಕ್ಕಿಯೆತ್ತೊ', ಎಂದರೆ ಕನ್ನಡಿಯ ಮೋಸ ಎಂದೇ ಕರೆಯುತ್ತಾರೆ. ಕಿರಿದಾದ ರಸ್ತೆಯಲ್ಲಿ ನೀವು ಹೋಗುತ್ತಿರುವಾಗ ಕಾರಿನ ಪಕ್ಕಕ್ಕೆ ಠಪ್ಪನೆ ಏನೋ ಬಡಿದ ಸದ್ದಾಗುತ್ತದೆ. ಕಲ್ಲೋ ಕೋಲೋ ಬಡಿದದ್ದು ಅದು. ಮರುಕ್ಷಣವೇ ಇನ್ನೊಂದು ಕಾರು ಹಿಂದೆ ಬಂದು ನಿಲ್ಲಿಸುವಂತೆ ಸೂಚಿಸುತ್ತದೆ. ಅದರ ಪಕ್ಕದ ಕನ್ನಡಿ ಒಡೆದಿರುತ್ತದೆ. ಅದು ಎಂದೋ ಒಡೆದದ್ದು. ಒಡೆದವರು ನೀವೇ ಎಂದು ಅವನ ವಾದ. ವಿಮೆಯವರ ತೊಡಕು ಯಾರಿಗೆ ಬೇಕು, ಇಲ್ಲಿಯೇ ಒಂದಷ್ಟು ಯೂರೊ ಕೊಟ್ಟರೆ ಮುಗಿಯಿತು ಎಂದು ಅವನು ಉದಾರ ಮನಸ್ಸಿನಿಂದ ಹೇಳುತ್ತಾನೆ. ಅನೇಕ ವೇಳೆ ಅವನ ಪಕ್ಕದಲ್ಲಿ ಹೆಂಗಸೊಬ್ಬಳೋ ಮುದುಕನೊಬ್ಬನೋ ಸಾಕ್ಷಿಯಾಗಿ ಕುಳಿತಿರುವುದೂ ಉಂಟು. ಪಂಚತಂತ್ರದ ಎರಡನೆಯ ಠಕ್ಕನನ್ನು ವಾಚಕರು ಇಲ್ಲಿ ಗುರುತಿಸಬಹುದು.

ಜರ್ಮನಿಯ ಹೆದ್ದಾರಿಗಳಲ್ಲಿ ಈ ನಾಟಕ ಕರುಣರಸ ಪ್ರಧಾನವಾದುದು. ರಸ್ತೆಯ ಅಂಚಿನಲ್ಲಿ ಒಳ್ಳೆಯ ಕಾರೊಂದು ಕೆಟ್ಟು ನಿಂತಂತೆ ನಿಂತಿರುತ್ತದೆ. ಚೆನ್ನಾಗಿ ಉಡುಪು ಧರಿಸಿದವನೊಬ್ಬ ಕೈ ಬೀಸುತ್ತಾನೆ. ಪರ್ಸು ಕಳೆದುಹೋಗಿದೆ, ಪೆಟ್ರೋಲು ಮುಗಿದಿದೆ, ಊರಿನಲ್ಲಿ ತಾಯಿಗೆ ಕಾಯಿಲೆ ಎಂದು ಹೇಳಿ ಬೆರಳಿನ ಉಂಗುರವನ್ನು ತೆಗೆದು ನಿಮ್ಮ ಅಂಗೈಯಲ್ಲಿಟ್ಟು, ಇದನ್ನು ಇಟ್ಟುಕೊಂಡು ಸ್ವಲ್ಪ ಹಣ ಕೊಡಿರೆಂದು ಬೇಡುತ್ತಾನೆ. ಉಂಗುರ ಹಿತ್ತಾಳೆಯದು. ಜರ್ಮನರು ಇದಕ್ಕೆ 'ಆಟೋಬಾನ್ ಚಿನ್ನ'ವೆಂದೇ ಹೆಸರಿಟ್ಟಿದ್ದಾರೆ. ಪೋಲೀಸರು ಮತ್ತೆ ಮತ್ತೆ ಎಚ್ಚರಿಕೆ ಕೊಡುತ್ತಿದ್ದಾರೆ.

ಈ ಮೂರು ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಠಕ್ಕನಿಗೆ ಬಲಿಯಾಗುವವರು ಆಸೆಬುರುಕರೆಂಬ ಸಾಮಾನ್ಯ ನಂಬಿಕೆ ಇಲ್ಲಿ ಸಲ್ಲುವುದಿಲ್ಲ. ಚಕ್ರದ ಮೋಸ ನಮ್ಮ ಕೃತಜ್ಞತೆಯನ್ನು ಹಿಡಿಯುತ್ತದೆ. ಕನ್ನಡಿಯ ಮೋಸ ನಮ್ಮ ನ್ಯಾಯಬುದ್ಧಿಯನ್ನು. ಉಂಗುರದ ಮೋಸ ನಮ್ಮ ಕನಿಕರವನ್ನು. ನಮ್ಮ ಒಳ್ಳೆಯತನಕ್ಕೇ ಗಾಳ ಹಾಕುವುದರಿಂದ ಈ ವಂಚನೆ ಚಿಕ್ಕದಾದರೂ ಅದರ ನೋವು ಚಿಕ್ಕದಲ್ಲ. ಐವತ್ತು ಯೂರೊ ಹೋದದ್ದನ್ನು ಮನುಷ್ಯ ಮರೆಯಬಲ್ಲ. ತಾನು ಕರುಣೆ ತೋರಿದ್ದಕ್ಕೆ ಮೋಸಹೋದೆನೆಂಬುದನ್ನು ಸುಲಭವಾಗಿ ಮರೆಯಲಾರ. ಮುಂದಿನ ಸಲ ನಿಜವಾಗಿ ಕಷ್ಟದಲ್ಲಿರುವವನು ಕೈ ಬೀಸಿದರೂ ಅವನ ಕಾರು ನಿಲ್ಲದು. ಈ ನಷ್ಟವನ್ನು ಯಾವ ವಿಮೆಯೂ ತುಂಬಿಕೊಡುವುದಿಲ್ಲ.

ಹಾಗಾದರೆ ಕಳ್ಳನನ್ನೂ ಸಜ್ಜನನನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ? ಮ್ಯೂನಿಕ್ ನಗರದಲ್ಲಿ ನೆಲೆಸಿರುವ ನನ್ನ ಬಾಲ್ಯ ಸ್ನೇಹಿತರೊಬ್ಬರ ಕುಟುಂಬದೊಡನೆ ಒಂದು ಬೇಸಿಗೆಯ ರಜೆಯಲ್ಲಿ ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ, ವೆರೋನಗಳ ಮಾರ್ಗವಾಗಿ ಫ್ಲಾರೆನ್ಸಿಗೆ ಕಾರಿನಲ್ಲಿ ಹೋಗುವ ಸುಯೋಗ ನನಗೆ ದೊರೆತಿತ್ತು. ಕಾರು ನಡೆಸುತ್ತಿದ್ದವರು ಅವರು. ಪಕ್ಕದಲ್ಲಿ ಕುಳಿತು ನಕ್ಷೆ ನೋಡುವ ಕೆಲಸ ನನ್ನದು. ಈ ಪ್ರಶ್ನೆಗೆ ಉತ್ತರವನ್ನು ಆ ಪ್ರವಾಸದ ಎರಡು ಘಟನೆಗಳೇ ನನಗೆ ಕಲಿಸಿದುವು.

ತಸ್ಕನಿಯ ಒಂದು ಊರಿನ ಹೊರವಲಯದಲ್ಲಿ ಹೋಗುತ್ತಿದ್ದಾಗ ಬಲಗಡೆಯ ಬಾಗಿಲಿಗೆ ಏನೋ ಬಡಿದ ಸದ್ದು ಕೇಳಿಸಿತು. ಹಿಂದೆಯೇ ಬೂದು ಬಣ್ಣದ ಕಾರೊಂದು ಹಾರನ್ ಮಾಡುತ್ತ ಬಂತು. ನನ್ನ ಸ್ನೇಹಿತರು ವೇಗವನ್ನು ಹೆಚ್ಚಿಸಲಿಲ್ಲ, ನಿಲ್ಲಿಸಲೂ ಇಲ್ಲ. ಎಚ್ಚರಿಕೆಯ ದೀಪಗಳನ್ನು ಹಾಕಿ, ಮುಂದೆ ಹೋಗೋಣವೆಂದು ಕೈಸನ್ನೆ ಮಾಡಿ, ಸುಮಾರು ಒಂದು ಮೈಲಿ ದೂರದಲ್ಲಿದ್ದ ಪೆಟ್ರೋಲ್ ಬಂಕಿನ ಅಂಗಳಕ್ಕೆ ಕಾರನ್ನು ತಂದು ಹತ್ತಾರು ಜನರ ನಡುವೆ ನಿಲ್ಲಿಸಿದರು. ಹಿಂದೆ ಬಂದವರು ಕೆಳಗಿಳಿದು ಕನ್ನಡಿ ತೋರಿಸಿದರು. ಸ್ನೇಹಿತರು ಬಾಗಿಲು ತೆಗೆಯದೆ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, ಅಪಘಾತದ ವಿಮಾ ನಮೂನೆಯನ್ನು ಇಬ್ಬರೂ ಸೇರಿ ತುಂಬೋಣ, ಅದಕ್ಕೆ ಮೊದಲು ೧೧೨ಕ್ಕೆ ಕರೆ ಮಾಡಿ ಪೋಲೀಸರನ್ನು ಬರಮಾಡಿಕೊಳ್ಳೋಣ ಎಂದರು. ಆ ಕಾರಿನವರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತೆಂದು ತೋರುತ್ತದೆ. ಎರಡು ನಿಮಿಷದಲ್ಲಿ ಅವರು ಕಾಣದಾದರು.

ಮರುದಿನ ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದಾಗ ತರಕಾರಿ ಚೀಲ ಹಿಡಿದ ವೃದ್ಧೆಯೊಬ್ಬಳು ನಮ್ಮ ಕಾರಿನ ಗಾಜನ್ನು ತಟ್ಟಿ ಹಿಂದಿನ ಚಕ್ರವನ್ನು ತೋರಿಸಿದಳು. ಅದೇ ಬೆರಳು, ಅದೇ ಚಕ್ರ! ಹಿಂದಿನ ದಿನದ ಅನುಭವದಿಂದ ನಾವೆಲ್ಲರೂ ಬಿಗಿಯಾಗಿ ಕುಳಿತೆವು. ಅವಳು ಇಟಾಲಿಯನ್ ಭಾಷೆಯಲ್ಲಿ ಏನನ್ನೋ ಹೇಳಿ, ಬಾಯಿಯಿಂದ ಗಾಳಿ ಹೋಗುವ ಸದ್ದು ಮಾಡಿ ತೋರಿಸಿ, ಮುಂದಿನ ತಿರುವಿನಲ್ಲಿದ್ದ ಗ್ಯಾರೇಜಿನ ಕಡೆಗೆ ಕೈ ಚಾಚಿದಳು. ಬಳಿಕ ಹಿಂತಿರುಗಿಯೂ ನೋಡದೆ ಹೊರಟುಹೋದಳು. ಗ್ಯಾರೇಜಿನಲ್ಲಿ ನೋಡಿದರೆ ಟೈರಿನಲ್ಲಿ ಒಂದು ಮೊಳೆ ನಾಟಿತ್ತು. ಅದರೊಡನೆ ಬೆಟ್ಟವಿಳಿದಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಸನ್ನೆ ಒಂದೇ ಆದರೂ ಎರಡರ ನಡತೆಯಲ್ಲಿ ಇದ್ದ ಅಂತರ ಗಮನಿಸತಕ್ಕದ್ದು. ಠಕ್ಕನು 'ಇಲ್ಲಿಯೇ, ಈಗಲೇ' ಎನ್ನುತ್ತಾನೆ. ಸಜ್ಜನನು 'ಅಗೋ, ಅಲ್ಲಿ' ಎಂದು ದಾರಿ ತೋರಿ ತನ್ನ ಪಾಡಿಗೆ ತಾನು ಹೋಗುತ್ತಾನೆ. ಠಕ್ಕನಿಗೆ ನೀವು ಕಾರಿನಿಂದ ಇಳಿಯಬೇಕು. ಸಜ್ಜನನಿಗೆ ನಿಮ್ಮಿಂದ ಏನೂ ಆಗಬೇಕಾಗಿಲ್ಲ. ಆದುದರಿಂದ ಎದುರಿನವನ ಮುಖ ನೋಡಿ ಗುಣವನ್ನು ಅಳೆಯುವ ಕಷ್ಟದ ಕೆಲಸಕ್ಕೆ ನಾವು ಹೋಗಬೇಕಾಗಿಲ್ಲ. ನಿಲ್ಲುವ ಸ್ಥಳವನ್ನೂ ಹೊತ್ತನ್ನೂ ನಾವೇ ಆರಿಸಿಕೊಂಡರೆ ಸಾಕು. ಜನರೂ ಬೆಳಕೂ ಇರುವ ಜಾಗಕ್ಕೆ ಹೋಗಿ ನಿಲ್ಲುವುದು, ಒಬ್ಬರು ಇಳಿದರೆ ಇನ್ನೊಬ್ಬರು ಒಳಗಿರುವುದು, ಇಳಿದವರು ಬೀಗದ ಕೈಯನ್ನು ತೆಗೆದುಕೊಂಡೇ ಇಳಿಯುವುದು, ಪಾಸ್‌ಪೋರ್ಟು ಹಣಗಳನ್ನು ಆಸನದ ಮೇಲೆ ಬಿಡದೆ ಮೈಮೇಲೆಯೇ ಇಟ್ಟುಕೊಳ್ಳುವುದು: ಇಷ್ಟು ಮಾಡಿದರೆ ನಿಜವಾದ ನೆರವಿಗೆ ಅಡ್ಡಿಯಿಲ್ಲ, ಸುಳ್ಳು ನೆರವಿಗೆ ಅವಕಾಶವಿಲ್ಲ. ರಸ್ತೆಯ ಪಕ್ಕದಲ್ಲಿ ಕೆಟ್ಟು ನಿಂತವನನ್ನು ಕಂಡು ಮನಸ್ಸು ಕರಗಿದರೆ ೧೧೨ಕ್ಕೆ ಕರೆ ಮಾಡಿ ಸ್ಥಳ ತಿಳಿಸಬಹುದು. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ಈ ಒಂದೇ ಸಂಖ್ಯೆ, ಅದಕ್ಕೆ ಶುಲ್ಕವಿಲ್ಲ. ಕಷ್ಟದಲ್ಲಿರುವವನಿಗೆ ಅದಕ್ಕಿಂತ ಒಳ್ಳೆಯ ನೆರವು ದಾರಿಹೋಕನಿಂದ ದೊರೆಯಲಾರದು. ಠಕ್ಕನಿಗೆ ಮಾತ್ರ ಅದು ಬೇಡವಾದ ನೆರವು.

ಪೋಲೀಸರ ವೇಷದ ವಿಷಯದಲ್ಲಿ ಸ್ವಲ್ಪ ಹೆಚ್ಚಿನ ವಿವೇಚನೆ ಬೇಕು. ಸಾದಾ ಉಡುಪಿನಲ್ಲಿ ಬಂದು, ಕ್ಷಣಮಾತ್ರ ಒಂದು ಬಿಲ್ಲೆಯನ್ನು ತೋರಿಸಿ, ಖೋಟಾ ನೋಟುಗಳ ತನಿಖೆಯೆಂದು ನಿಮ್ಮ ಪರ್ಸನ್ನು ಕೇಳುವವನು ಪೋಲೀಸನಲ್ಲವೆಂದೇ ತಿಳಿಯಬೇಕು. ಅವನು ಪರ್ಸನ್ನು ಹಿಂದಕ್ಕೆ ಕೊಡುತ್ತಾನೆ. ಒಳಗಿನ ನೋಟುಗಳು ಕಡಮೆಯಾಗಿರುತ್ತವೆ. ಆದರೆ ಸ್ಥಳದಲ್ಲಿಯೇ ದಂಡ ಕೇಳಿದ ಮಾತ್ರಕ್ಕೆ ಎಲ್ಲವೂ ಮೋಸವೆನ್ನುವಂತಿಲ್ಲ. ಸ್ಪೇನಿನಲ್ಲಿ ನೆಲೆಸದ ಪರದೇಶೀಯರಿಂದ ವೇಗ ಮುಂತಾದ ತಪ್ಪುಗಳಿಗೆ ಅಲ್ಲಿಯೇ ದಂಡ ವಸೂಲು ಮಾಡುವ ಅಧಿಕಾರ ಪೋಲೀಸರಿಗುಂಟು. ಸಮವಸ್ತ್ರ, ಗುರುತಿನ ಪತ್ರ, ಮುದ್ರಿತ ರಸೀತಿ, ಇವುಗಳನ್ನು ವಿನಯದಿಂದ ಕೇಳಬಹುದು. ಸಂಶಯವುಳಿದರೆ ಠಾಣೆಗೇ ಬರುತ್ತೇನೆಂದು ಹೇಳಬಹುದು. ನಿಜವಾದ ಅಧಿಕಾರಿ ಅದಕ್ಕೆ ಮುನಿಯುವುದಿಲ್ಲ.

ಈ ಮಾತನ್ನು ಇನ್ನಷ್ಟು ವಿಸ್ತರಿಸಬೇಕೆಂದು ತೋರುತ್ತದೆ. ಏಕೆಂದರೆ ಮೋಸವಲ್ಲದ್ದನ್ನು ಮೋಸವೆಂದು ಕರೆದು ಪರದೇಶವನ್ನು ದೂಷಿಸುವವರು ನಮ್ಮಲ್ಲಿ ಕಡಮೆಯಿಲ್ಲ. ಫ್ಲಾರೆನ್ಸ್, ರೋಮ್, ಪೀಸಾ, ಸಿಯೆನ ಮೊದಲಾದ ಇಟಲಿಯ ಊರುಗಳ ಹಳೆಯ ಬೀದಿಗಳಿಗೆ ಅನುಮತಿಯಿಲ್ಲದ ವಾಹನಗಳು ಹೋಗಬಾರದು. 'ಜ಼ೆಡ್.ಟಿ.ಎಲ್.' ಎಂಬ ಅಕ್ಷರಗಳೊಡನೆ ಕೆಂಪು ಉಂಗುರದ ಫಲಕವಿರುತ್ತದೆ; ಅಲ್ಲಿ ತಡೆಯುವ ಪೋಲೀಸನಿರುವುದಿಲ್ಲ, ಕ್ಯಾಮೆರಾ ಇರುತ್ತದೆ. ಪ್ರವಾಸ ಮುಗಿಸಿ ಬಂದು ಎಷ್ಟೋ ತಿಂಗಳಾದ ಮೇಲೆ ದಂಡದ ಕಾಗದ ಮನೆಗೆ ಬರುತ್ತದೆ. ಪರದೇಶದಲ್ಲಿ ನೆಲೆಸಿದವರಿಗೆ ಅದನ್ನು ಕಳುಹಿಸಲು ಅಲ್ಲಿಯ ಕಾನೂನು ೩೬೦ ದಿನಗಳ ಅವಕಾಶ ಕೊಟ್ಟಿದೆ. ಚಾಲಕನ ವಿಳಾಸ ಒದಗಿಸಿದ್ದಕ್ಕೆಂದು ಬಾಡಿಗೆಯ ಕಂಪನಿ ತನ್ನ ಶುಲ್ಕವನ್ನೂ ಬೇರೆಯಾಗಿ ವಿಧಿಸುತ್ತದೆ. ಇದು ಅಸಮಾಧಾನಕರವೇ ಇರಬಹುದು, ವಂಚನೆಯಲ್ಲ. ಆ ಬೀದಿಗಳು ಉಳಿದುಬಂದಿರುವುದು ಇಂಥ ಕಟ್ಟುಪಾಡುಗಳಿಂದಲೇ. ಕಾರನ್ನು ಊರ ಹೊರಗೆ ಬಿಟ್ಟು ನಡೆದು ಹೋಗುವುದು ದಂಡದಿಂದ ತಪ್ಪಿಸಿಕೊಳ್ಳುವ ಉಪಾಯವೂ ಹೌದು, ಫ್ಲಾರೆನ್ಸನ್ನು ನೋಡುವ ಸರಿಯಾದ ಕ್ರಮವೂ ಹೌದು.

ಊರ ಹೊರಗೆ ಕಾರು ನಿಲ್ಲಿಸುವ ಕಡೆಯೂ ಒಬ್ಬ ಕಾದಿರುತ್ತಾನೆ. ನೇಪಲ್ಸ್ ಮೊದಲಾದ ಇಟಲಿಯ ದಕ್ಷಿಣದ ಊರುಗಳಲ್ಲಿಯೂ ಸ್ಪೇನಿನ ಸೆವಿಯ್ಯದಂಥ ಕಡೆಗಳಲ್ಲಿಯೂ ಯಾವ ಅಧಿಕಾರವೂ ಇಲ್ಲದವನೊಬ್ಬ ಬಂದು ಜಾಗ ತೋರಿಸಿ ಕಾಸು ಕೇಳುತ್ತಾನೆ. ಸ್ಪೇನಿನಲ್ಲಿ ತಲೆಯ ಟೋಪಿಯ ದೆಸೆಯಿಂದ ಅವನಿಗೆ 'ಗೊರ್ರಿಯ್ಯ' ಎಂಬ ಹೆಸರು ಬಂದಿದೆ. ನೆಲದ ಮೇಲಿನ ಗೆರೆಯೇ ನಮಗೆ ನಂಬಿಕೆಯ ಸಾಕ್ಷಿ: ಇಟಲಿಯಲ್ಲಿ ಬಿಳಿಯ ಗೆರೆಯಾದರೆ ಸಾಮಾನ್ಯವಾಗಿ ಶುಲ್ಕವಿಲ್ಲ, ನೀಲಿಯಾದರೆ ಯಂತ್ರಕ್ಕೆ ಹಣ, ಹಳದಿಯಾದರೆ ಅದು ಇತರರಿಗೆ ಮೀಸಲು. ಯಂತ್ರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಬ್ರಿಟನ್ನಿನ ಹಲವು ಊರುಗಳಲ್ಲಿ ಈಚಿನ ವರ್ಷಗಳಲ್ಲಿ ಪಾರ್ಕಿಂಗ್ ಯಂತ್ರಗಳ ಮೇಲೆ ಸುಳ್ಳು ಕ್ಯೂಆರ್ ಸಂಕೇತದ ಚೀಟಿಗಳನ್ನು ಅಂಟಿಸಿ, ಹಣ ತೆರಲು ಬಂದವರ ಕಾರ್ಡಿನ ವಿವರಗಳನ್ನು ಕದ್ದದ್ದುಂಟು.

ಮನೆಯಲ್ಲಿ ಕುಳಿತಿರುವಾಗಲೇ ಆಗುವ ಮೋಸವೂ ಇದೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗಳಿಗೆ ೧೯೮೫ರಿಂದಲೂ, ಆಸ್ಟ್ರಿಯದ ಹೆದ್ದಾರಿಗಳಿಗೆ ೧೯೯೭ರಿಂದಲೂ 'ವಿನ್ಯೆಟ್' ಎಂಬ ಸುಂಕದ ಚೀಟಿ ಬೇಕು. ಸ್ವಿಸ್ ಚೀಟಿಯ ಬೆಲೆ ವರ್ಷಕ್ಕೆ ೪೦ ಫ್ರಾಂಕು. ೨೦೨೩ರಿಂದ ಅದು ವಿದ್ಯುನ್ಮಾನ ರೂಪದಲ್ಲಿಯೂ ದೊರೆಯುತ್ತದೆ. ಸರ್ಕಾರದ್ದೇ ಎಂಬಂತೆ ತೋರುವ ಖಾಸಗಿ ಜಾಲತಾಣಗಳು ಇದೇ ಚೀಟಿಯನ್ನು ಹೆಚ್ಚು ಬೆಲೆಗೆ ಮಾರುತ್ತವೆ. ಆಯಾ ದೇಶದ ಅಧಿಕೃತ ತಾಣವನ್ನು ಹೊರಡುವ ಮೊದಲೇ ಗುರುತು ಹಾಕಿಕೊಳ್ಳುವುದು ಲೇಸು. ಕಾರ್ಡಿನ ಯಂತ್ರವು ರೂಪಾಯಿಯಲ್ಲಿ ಕೊಡುವಿರೋ ಯೂರೊದಲ್ಲಿ ಕೊಡುವಿರೋ ಎಂದು ಸೌಜನ್ಯದಿಂದ ಕೇಳಿದಾಗ ಯೂರೊವನ್ನೇ ಆರಿಸಬೇಕು; ನಮ್ಮ ನಾಣ್ಯವನ್ನು ಕಂಡ ಸಂತೋಷಕ್ಕೆ ತೆರುವ ಬೆಲೆ ವಿನಿಮಯದ ದರದಲ್ಲಿ ಅಡಗಿರುತ್ತದೆ. ಬಾಡಿಗೆಯ ಕಾರನ್ನು ಪಡೆಯುವಾಗಲೂ ಹಿಂದಿರುಗಿಸುವಾಗಲೂ ನಾಲ್ಕು ಸುತ್ತಿನ ಚಿತ್ರಗಳನ್ನೂ ಇಂಧನದ ಮುಳ್ಳನ್ನೂ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಹಳೆಯ ಗೀರಿಗೆ ಹೊಸ ಹಣ ತೆರುವ ಪ್ರಸಂಗ ಬರುವುದಿಲ್ಲ.

ಇಷ್ಟೆಲ್ಲ ಓದಿದ ವಾಚಕರು ಮನೆಯಲ್ಲಿ ಕುಳಿತಿರುವುದೇ ಕ್ಷೇಮವೆಂದುಕೊಂಡಾರು. ನನ್ನ ಉದ್ದೇಶ ಅದಲ್ಲ. ಈ ಮೋಸಗಳನ್ನು ಅಲ್ಲಿಯ ಜನರೇ ಹೆಸರಿಟ್ಟು ಕರೆಯುತ್ತಾರೆ, ಅಲ್ಲಿಯ ಪೋಲೀಸರೇ ಎಚ್ಚರಿಸುತ್ತಾರೆ. ಇವುಗಳಿಂದ ನೊಂದವರಲ್ಲಿ ಇಟಲಿಯ, ಜರ್ಮನಿಯ ಮುದುಕರೇ ಅನೇಕರು. ಆದ್ದರಿಂದ ಒಬ್ಬ ಠಕ್ಕನನ್ನು ಕಂಡು ಒಂದು ದೇಶಕ್ಕೇ ಠಕ್ಕರ ದೇಶವೆಂಬ ಪಟ್ಟ ಕಟ್ಟುವುದು ಅನ್ಯಾಯ. ನಮ್ಮ ರೈಲು ನಿಲ್ದಾಣಗಳ ಮುಂದೆ ಇಳಿದ ಪರದೇಶೀಯನು ನಮ್ಮನ್ನು ಹಾಗೆ ತೂಗಿದರೆ ನಾವು ಒಪ್ಪುವೆವೆ?

ಪಂಚತಂತ್ರದ ಬ್ರಾಹ್ಮಣನು ಮೂವರ ಮಾತಿಗೆ ಅಂಜಿ ಕೈಯಲ್ಲಿದ್ದ ಒಳ್ಳೆಯ ವಸ್ತುವನ್ನು ಎಸೆದ. ಠಕ್ಕರಿಗೆ ಅಂಜಿ, ಗಾಜು ತಟ್ಟಿದವರೆಲ್ಲರನ್ನೂ ಕಳ್ಳರೆಂದು ತಿಳಿಯುವ ಪ್ರವಾಸಿ ಎಸೆಯುವುದೂ ಅಂಥದೇ ಒಂದು ವಸ್ತುವನ್ನು: ಮನುಷ್ಯರಲ್ಲಿ ತನಗಿರುವ ನಂಬಿಕೆಯನ್ನು. ಅದು ಹೆಗಲ ಮೇಲೆಯೇ ಇರಲಿ. ಬ್ರಾಹ್ಮಣನು ಒಂದು ಗಳಿಗೆ ಮರದ ನೆರಳಿನಲ್ಲಿ ನಿಂತು ಆಡನ್ನು ಕೆಳಗಿಳಿಸಿ, ಕಿವಿ ಕೊಂಬುಗಳನ್ನು ಮುಟ್ಟಿ ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪರದೇಶದ ಹೆದ್ದಾರಿಯಲ್ಲಿ ಹೋಗುವವರಿಗೂ ಬೇಕಾದದ್ದು ಆ ಒಂದು ಗಳಿಗೆಯ ತಾಳ್ಮೆ. ಮುಂದಿನ ಪೆಟ್ರೋಲ್ ಬಂಕಿನವರೆಗೆ ನಿಧಾನವಾಗಿ ಕಾರು ನಡೆಸಲು ಅಷ್ಟೇ ಹೊತ್ತು ಸಾಕು.